ಪರಮಪೂಜ್ಯ ಬಡಾವಣೆ ನಕ್ಷೆಯವರಿಗೆ

ಬಡಾವಣೆ ನಕ್ಷೆಯವರ ಪಾದಾರವಿಂದಗಳಿಗೆ ಬಾಣಸವಾಡಿಯ ನಿವಾಸಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಮಳೆ ಬಾರದ ದಿನ ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮ ಕೇಳಬೇಕಾಗಿಯೇ ಇಲ್ಲ, ತಾವು ವರ್ಷದಿಂದ ವರ್ಷಕ್ಕೆ ಪುಷ್ಟಿಯಾಗುತ್ತಿರುವುದನ್ನು ಕಣ್ಣಾರೆ ಕಾಣುತ್ತಿದ್ದೇವೆ.

ತಮ್ಮದು ದೊಡ್ಡ ಮನೆತನವೆಂದು ಬಲ್ಲೆವು. ಅಮೆರಿಕದಲ್ಲಿ 1785ರ ಭೂಶಾಸನವು ಪಶ್ಚಿಮದ ನೆಲವನ್ನು ಆರು ಮೈಲಿ ಚೌಕಗಳಾಗಿ ಗೆರೆ ಹೊಡೆದು, ಒಂದೊಂದನ್ನೂ 640 ಎಕರೆಯ 36 ತುಂಡು ಮಾಡಿತು. 1862ರ ಹೋಮ್‌ಸ್ಟೆಡ್ ಕಾಯ್ದೆ ಐದು ವರ್ಷ ಅಲ್ಲಿದ್ದು ಉಳುಮೆ ಮಾಡಿದವರಿಗೆ 160 ಎಕರೆ ಕೊಟ್ಟಿತು. ಎಷ್ಟೋ ಬಡವರು ಬಾಳು ಕಟ್ಟಿಕೊಂಡರು, ನಿಜ. ಆದರೆ ಆ ಚೌಕಗಳಲ್ಲಿ ತಲೆತಲಾಂತರದಿಂದ ಇದ್ದ ಮೂಲನಿವಾಸಿಗಳು ಕಾಗದದ ಕಣ್ಣಿಗೆ ಬೀಳಲೇ ಇಲ್ಲ. ಇರುವವರನ್ನು ಕಾಣದಿರುವ ಆ ದಿವ್ಯದೃಷ್ಟಿ ತಮಗೂ ಒಲಿದಿದೆ. ನಾವು ಧನ್ಯರು.

ಬೆಂಗಳೂರಿನ ಪೂರ್ವದಿಕ್ಕಿನ ಮೇಲೂ ತಮಗೆ ಹಳೆಯ ಪ್ರೀತಿ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷರ ದಂಡು ಹಲಸೂರಿನ ಬಯಲಿಗೆ ಬಂದಾಗ ಪರೇಡ್ ಮೈದಾನವಾಗಿ ದರ್ಶನ ಕೊಟ್ಟಿರಿ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟಾಗ ವೈಟ್‌ಫೀಲ್ಡಿನಲ್ಲಿ ದುಂಡಗೆ ಅವತರಿಸಿದಿರಿ. ಆ ನೆಲೆಗೆ ತಮ್ಮ ಹೆಸರು ಕೊಟ್ಟ ಡಿ.ಎಸ್. ವೈಟ್ ಅವರು ಬಯಸಿದ್ದು ಬೇಸಾಯ ಮಾಡಿ ಬದುಕುವ ಊರು. ಇಂದು ಆ ಊರಿನ ಸುತ್ತ ಗಾಜಿನ ಕಟ್ಟಡಗಳನ್ನು ಬೆಳೆಸಿ ಕೊಟ್ಟಿದ್ದೀರಿ.

ಇನ್ನು ನಮ್ಮ ಮೇಲೆ ತೋರಿದ ಕರುಣೆಯನ್ನು ಹೇಗೆ ಮರೆಯಲಿ? ಹಳೆಯ ಗ್ರಾಮ ನಕ್ಷೆಯಲ್ಲಿ ಹೊಲದ ಬದು ಹಾವಿನಂತೆ ಸೊಟ್ಟಗೆ ಹರಿದಿರುತ್ತದೆ. ಹಳ್ಳ ತಗ್ಗು ಕಂಡತ್ತ ತಿರುಗುತ್ತದೆ. ಕೆರೆ, ಏರಿ, ಗುಂಡುತೋಪು, ಗೋಮಾಳ, ಸ್ಮಶಾನ, ಬಂಡಿದಾರಿ ಎಲ್ಲಕ್ಕೂ ಅಲ್ಲಿ ಜಾಗವಿದೆ. ತಾವು ಅದರ ಮೇಲೆ ಸ್ಕೇಲಿಟ್ಟು ತರ್ಟಿ ಫಾರ್ಟಿ, ಫಾರ್ಟಿ ಸಿಕ್ಸ್ಟಿ ಎಂದು ಮನೆ ಹಾಕಿ, ಹೆಣ್ಣೂರು ರಸ್ತೆ, ಬಾಣಸವಾಡಿ ರಸ್ತೆಗಳ ನಡುವಿನ ನೆಲವನ್ನು ಎಚ್‌ಆರ್‌ಬಿಆರ್ ಬಡಾವಣೆ ಎಂದು ಚೊಕ್ಕಟ ಮಾಡಿದಿರಿ. ರಾಗಿ ಬೆಳೆಯುತ್ತಿದ್ದವರಿಗೆ ಪರಿಹಾರದ ಲೆಕ್ಕ ಬಂತು. ಹಳ್ಳಕ್ಕೆ ಯಾವ ಲೆಕ್ಕವೂ ಬರಲಿಲ್ಲ.

ಕಂದಾಯ ದಾಖಲೆಯಲ್ಲಿ ಹಳ್ಳ, ದಾರಿಗಳನ್ನು ಬಿ ಖರಾಬು ಎಂದು ಬರೆದಿಟ್ಟದ್ದು ಅವು ಊರಿಗೆಲ್ಲ ಸೇರಿದವು, ಒಬ್ಬರ ಸ್ವತ್ತಲ್ಲ ಎಂಬ ಕಾರಣಕ್ಕೆ. ತಮ್ಮ ಬಂಧುಗಳಾದ ಖಾಸಗಿ ಬಡಾವಣೆ ನಕ್ಷೆಯವರು ಅಂಥ ಜಾಗಕ್ಕೂ ಸೈಟ್ ನಂಬರು ಕೊಟ್ಟು ಉದ್ಧಾರ ಮಾಡಿದ್ದುಂಟು. ಅವರ ಔದಾರ್ಯಕ್ಕೆ ಕೈಮುಗಿಯುತ್ತೇವೆ.

ನೀರು ಮಾತ್ರ ಅವಿಧೇಯ. 2025ರ ಮೇ ತಿಂಗಳ ಮಳೆಯಲ್ಲಿ ಅದು ಹೊರಮಾವಿನ ಸಾಯಿ ಬಡಾವಣೆಯ ಮನೆಗಳಿಗೆ ನುಗ್ಗಿತು. ರೈಲು ಹಳಿಯ ಕೆಳಗಿನ ಇಕ್ಕಟ್ಟಾದ ಮೋರಿಯಲ್ಲಿ ರಾಜಕಾಲುವೆಯ ನೀರು ಹಿಡಿಸಲಿಲ್ಲ. ಜನರನ್ನು ದೋಣಿಯಲ್ಲಿ ಕರೆತರಬೇಕಾಯಿತು. ಸಾಲ ಮಾಡಿ ಮನೆ ಕಟ್ಟಿದವರು ಮೊಣಕಾಲುದ್ದದ ಕೊಳಚೆಯಲ್ಲಿ ಸಾಮಾನು ಎತ್ತಿಟ್ಟುಕೊಂಡು ನಿಂತರು. ತಲೆಯ ಮೇಲೊಂದು ಸೂರು ಬೇಕೆಂದದ್ದು ಅವರ ತಪ್ಪಲ್ಲ. ಅದು ನೀರಿನ ದಾರಿ ಎಂದು ತಿಳಿಸದ ಕಾಗದದ ತಪ್ಪು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ಬಿದರಹಳ್ಳಿ ಹೋಬಳಿಯ ಕಡೆ ಇನ್ನೂ ಹೊಲಗಳು ಉಳಿದಿವೆ. ಅಲ್ಲಿಗೆ ದಯಮಾಡಿಸುವ ಮುನ್ನ ಗ್ರಾಮ ನಕ್ಷೆಯನ್ನು ಒಮ್ಮೆ ಪಕ್ಕದಲ್ಲಿ ಹರಡಿಕೊಳ್ಳಿ. ಮೊದಲು ಕೆರೆ, ಕಾಲುವೆ, ತೋಪುಗಳನ್ನು ಗುರುತಿಸಿ, ಮಿಕ್ಕ ಜಾಗದಲ್ಲಿ ಸೈಟು ಬರೆಯಿರಿ. ಆ ನೆಲ ತಾವು ಬರುವ ಮೊದಲೂ ಖಾಲಿಯಿರಲಿಲ್ಲ.

ಓದುಗರಲ್ಲಿ ಒಂದು ಮಾತು. ಸೈಟಿಗೆ ಮುಂಗಡ ಕೊಡುವ ಮುಂಚೆ ದಿಶಾಂಕ್ ಆ್ಯಪ್‌ನಲ್ಲಿ ಆ ಸರ್ವೆ ನಂಬರನ್ನು ನೋಡಿ. ಕೆರೆ, ಕಾಲುವೆ, ಖರಾಬು ಎಂದು ಕಂಡರೆ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬೇಡಿ.

ಇತಿ ತಮ್ಮ ವಿಧೇಯ,
ಬಾಣಸವಾಡಿಯ ನಿವಾಸಿ