ರೋಮಿನಲ್ಲಿ ಉದ್ರಿ

ರೋಮ್ ನಗರದಲ್ಲಿ ಅಗ್ಗಕ್ಕೆ ವೀಗನ್ ಊಟ ಸಿಗಬೇಕಾದರೆ ಬಂಗಾಳಿ ಬರಬೇಕು. ಬಂಗಾಳಿ ಬರಬೇಕಾದರೆ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನಲ್ಲಿ ಕಿರಾಣಿ ಅಂಗಡಿ ಇಟ್ಟಿರಬೇಕು. ಪ್ರವಾಸದ ಪುಸ್ತಕ ಬರೆಯುವವರು ಈ ಸಂಗತಿಯನ್ನು ಬಿಟ್ಟುಬಿಟ್ಟಿದ್ದಾರೆ, ಆದ್ದರಿಂದ ಆ ಭಾರ ನನ್ನ ಮೇಲೆ ಬಿದ್ದಿದೆ.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಮೇಲೆ ನಮ್ಮ ಸೀಮೆಯ ತುಂಬ ಕ್ಯಾಂಪುಗಳು ಎದ್ದವು. ಹೆಚ್ಚಿನವು ಆಂಧ್ರದ ಕಡೆಯಿಂದ ಬಂದ ರೈತರವು. ಆರ್.ಎಚ್. ಕ್ಯಾಂಪುಗಳ ಕತೆ ಬೇರೆ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಕೇಂದ್ರ ಸರ್ಕಾರ ಭೂಮಿ ಕೊಟ್ಟು ಕೂರಿಸಿದ ಊರುಗಳು ಅವು. ರಿಹ್ಯಾಬಿಲಿಟೇಶನ್ ಎನ್ನಲು ನಾಲಿಗೆ ಹೊರಳದೆ ನಮ್ಮವರು ಆರ್.ಎಚ್. ಅಂದರು, ಮುಂದೆ ಒಂದೊಂದಕ್ಕೆ ಒಂದೊಂದು ನಂಬರು. ಜೋಳದ ರೊಟ್ಟಿ ತಿನ್ನುವ ಸೀಮೆಯ ನಡುವೆ ಅನ್ನ-ಮೀನಿನ ಊರುಗಳು, ದಸರೆ ಬಂತೆಂದರೆ ದುರ್ಗಾ ಪೂಜೆಯ ಡೋಲು.

ನಮ್ಮ ಮಾವನವರ ಅಂಗಡಿ ಇದ್ದದ್ದು ಅಲ್ಲಿ. ಗಲ್ಲಾದ ಮುಂದೆ ಕೂತವರು ಮಾತ್ರ ಅತ್ತಿ. ವರ್ಷಾನುಗಟ್ಟಲೆ ಕೂತು ಬಂಗಾಳಿ ಕಲಿತರು. ಅದು ಎಣ್ಣೆ, ಉಪ್ಪು, ಬೇಳೆ, ಸಾಲ ವಸೂಲಿಯ ಬಂಗಾಳಿ. ರವೀಂದ್ರನಾಥ ಠಾಕೂರರ ಒಂದು ಸಾಲೂ ಅವರಿಗೆ ಬರುವುದಿಲ್ಲ. ಆದರೆ ಉದ್ರಿ ಕೊಡೋದಿಲ್ಲ ಎಂಬುದಕ್ಕೆ ‘ಬಾಕಿ ದೇಬೊ ನಾ’ ಎಂದು ಅವರು ಹೇಳುವ ರೀತಿಗೆ ಠಾಕೂರರೂ ಚಡಪಡಿಸಿ ರೊಕ್ಕ ಎಣಿಸುತ್ತಿದ್ದರು.

ನಾವಿರುವುದು ಮ್ಯೂನಿಕ್‌ನಲ್ಲಿ. ಮಗಳು ಹತ್ತನೆಯ ಇಯತ್ತೆಗೆ ಬರುವ ಹೊತ್ತಿಗೆ ವೀಗನ್ ಆದಳು. ಮೊದಲ ಸಲ ಬಂದಿದ್ದ ಅತ್ತಿಗೆ ಸುದ್ದಿ ಹೇಳುವ ಧೈರ್ಯ ಇವರಿಗೂ ಇರಲಿಲ್ಲ, ನನಗೂ ಇರಲಿಲ್ಲ. ಮಗಳೇ ಹೇಳಿದಳು: ಹಾಲಿಲ್ಲ, ಮೊಸರಿಲ್ಲ, ತುಪ್ಪ ಇಲ್ಲ, ಜೇನೂ ಇಲ್ಲ.

‘ಇದು ಯಾವ ವ್ರತವಾ? ಎಷ್ಟು ವಾರದ್ದು?’

‘ವ್ರತ ಅಲ್ಲ ಅಜ್ಜಿ. ಕೊನೀತನಕ.’

‘ಹಂಗಾರ ಉದ್ಯಾಪನ ಇಲ್ಲನ್ನು’ ಎಂದು ಅತ್ತಿ ನಿಟ್ಟುಸಿರು ಬಿಟ್ಟರು. ವ್ರತದ ಬಗ್ಗೆ ಅವರ ತಕರಾರಿರಲಿಲ್ಲ. ಉದ್ಯಾಪನದ ಊಟ ತಪ್ಪಿತಲ್ಲ ಎಂಬುದೇ ಬೇಸರ.

ಅಷ್ಟೊತ್ತಿಗೆ ಅತ್ತಿಯ ಚೀಲವೂ ವೀಗನ್ ಆಗಿತ್ತು, ಆದರೆ ಅದು ಯುರೋಪಿನ ಒಕ್ಕೂಟದ ಪುಣ್ಯ. ಹೊರದೇಶದಿಂದ ಬರುವವರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ತರುವಂತಿಲ್ಲವೆಂಬ ನಿಯಮವಿದೆ. ತುಪ್ಪದ ಡಬ್ಬಿ, ಪೇಢೆ ಪೊಟ್ಟಣ ಬಿಟ್ಟೇ ಬನ್ನಿ ಎಂದು ನಾನು ಫೋನಿನಲ್ಲಿ ಗೋಗರೆದಿದ್ದೆ. ಕಡೆಗೆ ಚೀಲದಲ್ಲಿ ಉಳಿದದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಗಸಿ ಪುಡಿ. ಮಗಳು ಒಂದೊಂದನ್ನೇ ಮೂಸಿ, ಇದರಲ್ಲಿ ಏನೇನು ಹಾಕಿದ್ದೀರೆಂದು ಕೇಳಿ, ‘ಅಜ್ಜಿ, ನೀವು ಮೊದಲಿಂದ ವೀಗನ್!’ ಎಂದು ತಬ್ಬಿಕೊಂಡಳು. ಮನೆಯಲ್ಲಿ ಎಮ್ಮೆ ಬತ್ತಿದಾಗಲೆಲ್ಲ ತಾವು ವೀಗನ್ ಆಗಿದ್ದೆವೆಂಬುದು ಅತ್ತಿಗೆ ಅವತ್ತೇ ತಿಳಿದದ್ದು.

ರಾತ್ರಿ ರೈಲಿನಲ್ಲಿ ರೋಮಿಗೆ ಹೋದೆವು. ಪಿಯಾತ್ಸಾ ನವೋನಾದ ಸುತ್ತ ವೀಗನ್ ಎಂದು ಹಸಿರು ಬೋರ್ಡು ಹಾಕಿಕೊಂಡ ಹೋಟೆಲಿನ ಹೊರಗೆ ನಿಂತು ಅತ್ತಿ ದರದ ಪಟ್ಟಿಯನ್ನು ಮೊಮ್ಮಗಳಿಂದ ಓದಿಸಿದರು. ಒಂದು ಯೂರೋಕ್ಕೆ ಹತ್ತಿರ ಹತ್ತಿರ ನೂರು ರೂಪಾಯಿ ಎಂದು ಹಿಡಿದರೆ, ಒಂದು ತಾಟು ಕುಂಬಳಕಾಯಿಗೆ ಸಿಂಧನೂರಿನಲ್ಲಿ ಒಂದು ಚೀಲ ಸೋನಾ ಮಸೂರಿ ಬರುತ್ತಿತ್ತು. ಅತ್ತಿ ಲೆಕ್ಕ ಮುಗಿಸಿ ಏನೂ ಮಾತಾಡದೆ ಮುಂದೆ ನಡೆದರು. ಅವರು ಮಾತಾಡದಿದ್ದರೆ ದರ ಬಹಳ ಜಾಸ್ತಿ ಎಂದರ್ಥ.

ಹಾಗಂತ ರೋಮಿನಲ್ಲಿ ಅಗ್ಗದ್ದು ಇಲ್ಲವೇ ಇಲ್ಲ ಅನ್ನಬಾರದು. ಬೇಕರಿಯಲ್ಲಿ ಬರೀ ಟೊಮೆಟೊ ಬಳಿದ ಪಿತ್ಸಾ ರೊಸ್ಸಾ ತೂಕದ ಲೆಕ್ಕದಲ್ಲಿ ಸಿಗುತ್ತದೆ. ಮರಿನಾರಾ ಪಿತ್ಸಾದಲ್ಲಿ ಬೆಳ್ಳುಳ್ಳಿ, ಟೊಮೆಟೊ, ಎಣ್ಣೆ, ಒಂದಿಷ್ಟು ಒಣ ಸೊಪ್ಪು, ಅಷ್ಟೆ. ಚೀಸ್ ಇಲ್ಲದ್ದರಿಂದ ಪಟ್ಟಿಯಲ್ಲಿ ಸಾಮಾನ್ಯವಾಗಿ ಅದೇ ಎಲ್ಲಕ್ಕಿಂತ ಸೋವಿ. ಬೀದಿ ಬೀದಿಗೆ ನಾಸೋನಿ ಎಂಬ ಎರಕದ ನಲ್ಲಿಗಳು ಕುಡಿಯುವ ನೀರನ್ನು ಬಿಟ್ಟಿ ಸುರಿಸುತ್ತವೆ. ಒಣ ಪಾಸ್ತಾವನ್ನು ಡ್ಯೂರಂ ಗೋಧಿಯ ರವೆಯಿಂದಲೇ ಮಾಡಬೇಕೆಂದು ಇಟಲಿಯಲ್ಲಿ 1967ರಿಂದ ಕಾನೂನೇ ಇದೆ, ತತ್ತಿಯ ಕಾಟ ಇರುವುದು ಹೆಚ್ಚಾಗಿ ಹಸಿ ಪಾಸ್ತಾದಲ್ಲಿ. ಇಷ್ಟೆಲ್ಲ ಓದಿಕೊಂಡೇ ಬಂದಿದ್ದ ಮಗಳು ಒಂದು ಸಣ್ಣ ಹೋಟೆಲಿನಲ್ಲಿ ಬೆಣ್ಣೆ ಬೇಡ, ತತ್ತಿ ಬೇಡ, ಚೀಸ್ ಬೇಡ ಎಂದು ಇಟಾಲಿಯನ್ನಿನಲ್ಲೇ ಹೇಳಿ ಟೊಮೆಟೊ ಪಾಸ್ತಾ ತರಿಸಿದಳು.

ಇವರು ತಮ್ಮ ತಾಟಿನ ಮೇಲೆ ಪಾರ್ಮಿಜಾನೊ ಚೀಸನ್ನು ಮಂಜು ಬಿದ್ದ ಹಾಗೆ ತುರಿಸಿಕೊಂಡರು. ಇವರು ಎಂಥವರೆಂದರೆ, ಕೊರಳಲ್ಲಿ ಲಿಂಗ, ಆಫೀಸಿನ ಹುಟ್ಟುಹಬ್ಬಗಳಲ್ಲಿ ತತ್ತಿ ಹಾಕಿದ ಕೇಕನ್ನೂ ಮುಟ್ಟದವರು.

‘ಅಪ್ಪಾ, ಅದು ವೆಜ್ ಅಲ್ಲ.’

‘ಚೀಸ್ ವೆಜ್ ಅಲ್ಲದ ಮತ್ತೇನು?’

ಹಾಲು ಒಡೆಯಲು ಹಾಕುವ ರೆನ್ನೆಟ್ಟನ್ನು ಕರುವಿನ ಜಠರದಿಂದ ತೆಗೆಯುತ್ತಾರೆ, ಅದಿಲ್ಲದೆ ಮಾಡಿದರೆ ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರನ್ನೇ ಇಡುವಂತಿಲ್ಲ ಎಂದು ಅವಳು ವಿವರಿಸಿದಳು. ಇವರ ಫೋರ್ಕು ಗಾಳಿಯಲ್ಲೇ ನಿಂತಿತು. ಜರ್ಮನಿಗೆ ಬಂದಾಗಿನಿಂದ ತಿಂದದ್ದನ್ನು ಮನಸ್ಸಿನಲ್ಲೇ ಕೂಡಿಸುತ್ತಿದ್ದರೆಂದು ಕಾಣುತ್ತದೆ. ‘ಪೆಕೊರಿನೊ?’ ಎಂದು ಸಣ್ಣ ದನಿಯಲ್ಲಿ ಕೇಳಿದರು. ‘ಅದರಲ್ಲಿ ಕುರಿಮರಿದು’ ಎಂದಳು. ಅತ್ತಿ ‘ಏನಂತ, ಏನಂತ?’ ಎಂದು ನನ್ನ ಕಡೆ ತಿರುಗಿದರು. ನಾನು ನೀರಿನ ಲೋಟ ಎತ್ತಿಕೊಂಡೆ. ಮೊಮ್ಮಗಳೇ ಕನ್ನಡದಲ್ಲಿ ತಿಳಿಸಿ ಹೇಳಿದಳು. ಅತ್ತಿ ತಮ್ಮ ತಾಟನ್ನು ಮಗನಿಂದ ಒಂದು ಗೇಣು ಆಚೆಗೆ ಸರಿಸಿಕೊಂಡರು.

ರಾತ್ರಿ ಇವರು ಅಶೋಕನ ಮೊರೆ ಹೋದರು. ಅಶೋಕನ ಹೆಸರೇ ಇರುವ ಶಾಸನ 1915ರಲ್ಲಿ ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಆದಕಾರಣ ಮೌರ್ಯ ಸಾಮ್ರಾಜ್ಯದ ವಿಷಯದಲ್ಲಿ ಕೊನೆಯ ಮಾತು ತಮ್ಮದೇ ಎಂದು ಇವರು ನಂಬಿದ್ದಾರೆ. ಗಿರ್ನಾರದಂಥ ಕಡೆ ಇರುವ ಮೊದಲನೆಯ ದೊಡ್ಡ ಶಾಸನದಲ್ಲಿ ಅರಸ ತನ್ನ ಅಡುಗೆಮನೆಯ ಲೆಕ್ಕ ಒಪ್ಪಿಸುತ್ತಾನೆ: ಮೊದಲು ದಿನಕ್ಕೆ ಲಕ್ಷಗಟ್ಟಲೆ ಪ್ರಾಣಿ, ಈಗ ಎರಡು ನವಿಲು, ಒಂದು ಜಿಂಕೆ, ಜಿಂಕೆಯೂ ಯಾವಾಗಲೂ ಅಲ್ಲ, ಮುಂದೆ ಅವೂ ಇಲ್ಲ. ‘ಅಷ್ಟು ದೊಡ್ಡ ರಾಜನೇ ಹಂತ ಹಂತವಾಗಿ ಬಿಟ್ಟಾನ. ಫ್ರಿಜ್ಜಿನಾಗ ಇರೋದು ಮುಗೀಲಿ’ ಎಂದು ಇವರ ವಾದ. ಸಾಮ್ರಾಜ್ಯ ಇಲ್ಲದವರಿಗೆ ಈ ರಿಯಾಯಿತಿ ಸಲ್ಲದೆಂದು ಮಗಳು ತಳ್ಳಿಹಾಕಿದಳು.

ಮಾರನೆಯ ದಿನ ತೆರ್ಮಿನಿ ಸ್ಟೇಷನ್ನಿನ ಹತ್ತಿರದ ಎಸ್ಕ್ವಿಲೀನೊ ಮಾರ್ಕೆಟ್ಟಿಗೆ ಹೊಕ್ಕೆವು. ಬೆಂಡೆ, ಹಾಗಲ, ಕೊತ್ತಂಬರಿ, ಹಸಿಮೆಣಸಿನಕಾಯಿ. ಕೊಲೋಸಿಯಮ್ಮಿನ ಮುಂದೆ ‘ಭಾಳ ಕೆಟ್ಟು ಹೋಗೇತಿ’ ಎಂದಷ್ಟೇ ಹೇಳಿದ್ದ ಅತ್ತಿಯ ಮುಖ ಇಲ್ಲಿ ಅರಳಿತು. ಅಂಗಡಿಯ ಹುಡುಗರು ತಮ್ಮತಮ್ಮಲ್ಲಿ ಮಾತಾಡುವುದು ಕಿವಿಗೆ ಬಿದ್ದದ್ದೇ ತಡ, ಸೆರಗು ಸರಿಮಾಡಿಕೊಂಡು ಕೇಳಿದರು:

‘ದಾದಾ, ಕಾಚಾ ಮೊರಿಚ್ ಕೊತೊ?’

ರೋಮಿನಲ್ಲಿ ಬಾಂಗ್ಲಾದೇಶದವರು ಬಹಳ. ಮಳೆ ಬಂದರೆ ಕೊಡೆ, ಸಂಜೆಯಾದರೆ ಗುಲಾಬಿ ಮಾರುವವರಲ್ಲಿ ಅವರು ಎಷ್ಟೋ ಜನ. ಆದರೆ ಇಲಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿ ಬಂಗಾಳಿಯಲ್ಲಿ ಮೆಣಸಿನಕಾಯಿ ದರ ಕೇಳುವ ಹೆಂಗಸನ್ನು ಆ ಹುಡುಗ ನೋಡಿರಲಾರ. ನಿಮ್ಮ ಊರು ಯಾವುದು ಖಾಲಾ ಎಂದು ಕೇಳಿದ.

‘ರಾಯಚೂರ್.’

‘ರೊಂಗ್‌ಪುರ್?’

‘ರಾಯಚೂರ್!’

‘ಹ್ಞಾ ಹ್ಞಾ, ರೊಂಗ್‌ಪುರ್’ ಎಂದು ಅವನು ಖುಷಿಯಿಂದ ಪಕ್ಕದ ಅಂಗಡಿಯವನಿಗೂ ಸಾರಿದ. ಅತ್ತಿ ಕಾಲುವೆ, ಕ್ಯಾಂಪು, ನಂಬರು ಎಲ್ಲ ಹೇಳಿ ನೋಡಿದರು. ಅವನು ಎಲ್ಲವನ್ನೂ ರೊಂಗ್‌ಪುರದ ಲೆಕ್ಕಕ್ಕೇ ಜಮಾ ಮಾಡಿಕೊಂಡ. ಕೊತ್ತಂಬರಿ ಕಟ್ಟೊಂದು ಪುಕ್ಕಟೆ ಬಂತು. ಜೊತೆಗೆ ತೊರ್‌ಪಿನ್ಯಾತ್ತಾರ ಎಂಬ ಬಡಾವಣೆಯ ಒಂದು ಊಟದ ಮನೆಯ ಗುರುತೂ ಸಿಕ್ಕಿತು. ಆ ಕಡೆ ಬಂಗಾಳಿಗಳು ಎಷ್ಟಿದ್ದಾರೆಂದರೆ ರೋಮಿನವರೇ ಅದನ್ನು ಬಾಂಗ್ಲಾಟೌನ್ ಅನ್ನುತ್ತಾರೆ.

ಅಲ್ಲಿ ಅತ್ತಿ ನೇರ ಅಡುಗೆಮನೆಯ ಬಾಗಿಲಿಗೇ ಹೋಗಿ ನಿಂತರು. ‘ಘೀ ನಾ, ದುಧ್ ನಾ, ಡಿಮ್ ನಾ, ಮಾಛ್ ನಾ.’ ಆಮೇಲೆ ಬೇಳೆಯ ಪಾತ್ರೆಯ ಮುಚ್ಚಳ ತೆಗೆಸಿ ಸೌಟಿನಿಂದ ತಳ ಕೆದಕಿಸಿದರು. ಬಂಗಾಳಿಗಳು ಹೆಸರುಬೇಳೆಗೆ ಮೀನಿನ ತಲೆ ಹಾಕುವುದುಂಟು. ಕ್ಯಾಂಪಿನ ಮದುವೆಗಳಿಗೆ ಹೋಗಿ ಹೋಗಿ ಕಲಿತ ಎಚ್ಚರ ಅದು. ಯಾವ ವೀಗನ್ ಪುಸ್ತಕವೂ ಮಗಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ.

ತಳದಲ್ಲಿ ತಲೆ ಇರಲಿಲ್ಲ. ಅನ್ನ, ಬೇಳೆ, ಕೆಂಪು ಸೊಪ್ಪಿನ ಪಲ್ಯ, ಸಾಸಿವೆ ಎಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ, ಸುಟ್ಟ ಬದನೆಕಾಯಿಯ ಭರ್ತಾ. ಅತ್ತಿ ಚೀಲದಿಂದ ಖಡಕ್ ರೊಟ್ಟಿ ತೆಗೆದು ಭರ್ತಾ ಹಚ್ಚಿ ಮೇಲೆ ಗುರೆಳ್ಳು ಪುಡಿ ಉದುರಿಸಿ ಮೊಮ್ಮಗಳ ಕೈಗಿಟ್ಟರು. ಮಾಲೀಕನಿಗೂ ಒಂದು ಚೂರು ಕೊಟ್ಟರು. ನಾಲ್ಕು ಜನರ ಊಟ ನವೋನಾದ ಒಂದು ಕುಂಬಳಕಾಯಿಯ ದರಕ್ಕಿಂತ ತುಸು ಹೆಚ್ಚಾಯಿತು, ಅಷ್ಟೆ.

ಹಣ ಕೊಡುವಾಗ ಕಾರ್ಡಿನ ಮಶೀನು ಕೆಟ್ಟಿತ್ತು, ಕೈಯಲ್ಲಿ ಚಿಲ್ಲರೆ ಸಾಲದು. ಮಾಲೀಕ ಕೈಬೀಸಿ, ಬಾಕಿ ಇರಲಿ ಖಾಲಾ, ಇನ್ನೊಮ್ಮೆ ಬಂದಾಗ ಕೊಡುವಿರಂತೆ ಎಂದ. ಅತ್ತಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

‘ಹೆಸರಿಲ್ಲ, ಊರು ತಿಳೀಲಿಲ್ಲ, ಉದ್ರಿ ಕೊಡ್ತಾನ’ ಎಂದು ನನ್ನ ಕಿವಿಯಲ್ಲಿ ಹೇಳಿದರು. ‘ಇವನ ಅಂಗಡಿ ಎರಡು ವರ್ಷ ಬಾಳಂಗಿಲ್ಲ ನೋಡವಾ.’ ಮಗನನ್ನು ಎಟಿಎಮ್ಮಿಗೆ ಓಡಿಸಿ, ಅವನು ಬರುವತನಕ ತಾವೇ ಗಲ್ಲಾದ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು.