ಹಿಂದಿನ ಬೆಂಚಿನ ವಿಮಾನಶಾಸ್ತ್ರ

ಶಾಲೆಯಲ್ಲಿ ನಡೆಯುವ ವಿಜ್ಞಾನ ಪ್ರಯೋಗಗಳಲ್ಲಿ ಪ್ರಾಮಾಣಿಕವಾದದ್ದು ಕಾಗದದ ವಿಮಾನ ಒಂದೇ ಎಂದು ನನ್ನ ವಾದ. ಉಳಿದವುಗಳಲ್ಲಿ ಉತ್ತರ ಮೊದಲೇ ಸಿದ್ಧ. ಸರಳ ಲೋಲಕ ತೂಗಿಬಿಟ್ಟರೆ ಗುರುತ್ವ ವೇಗೋತ್ಕರ್ಷ 9.8 ಬರಲೇಬೇಕು, ಬಾರದಿದ್ದರೆ ತಪ್ಪು ಭೂಮಿಯದೂ ಅಲ್ಲ, ಲೋಲಕದ್ದೂ ಅಲ್ಲ, ಹುಡುಗನದು. ಹಾಗಾಗಿ ಜಾಣರು ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕುತ್ತಾರೆ: ಮೊದಲು ಉತ್ತರ, ಆಮೇಲೆ ರೀಡಿಂಗು, ಪುರುಸೊತ್ತಿದ್ದರೆ ಲೋಲಕ. ರೆಕಾರ್ಡ್ ಪುಸ್ತಕದ ಎಡಪುಟದಲ್ಲಿ ಪೆನ್ಸಿಲ್ ಚಿತ್ರ, ಬಲಪುಟದಲ್ಲಿ ಉದ್ದೇಶ, ಸಾಮಗ್ರಿ, ವಿಧಾನ, ಫಲಿತಾಂಶ, ಕೆಳಗೆ ಕೆಂಪು ಶಾಯಿಯ ರುಜು. ಕಾಗದದ ವಿಮಾನಕ್ಕೆ ಈ ಭಾಗ್ಯವಿಲ್ಲ. ಅದು ಕಿಟಕಿಯಾಚೆ ಹೋದೀತೋ, ಮೇಷ್ಟ್ರ ಬೆನ್ನಿಗೆ ಬಡಿದೀತೋ ಎಸೆದವನಿಗೇ ಗೊತ್ತಿರುವುದಿಲ್ಲ. ಹೀಗೆ ಗೊತ್ತಿಲ್ಲದೆ ಮಾಡಿ ನೋಡುವುದಕ್ಕಲ್ಲವೇ ಪ್ರಯೋಗ ಅನ್ನುವುದು?

ವಿಮಾನ ಹಾರುವುದೇಕೆ ಎಂಬುದಕ್ಕೆ ಎಷ್ಟೋ ಪುಸ್ತಕಗಳು ಒಂದು ಕಥೆ ಹೇಳುತ್ತವೆ. ರೆಕ್ಕೆಯ ಮೇಲ್ಮೈ ಉಬ್ಬು, ತಳ ಚಪ್ಪಟೆ. ರೆಕ್ಕೆಯ ಮುಂದುಗಡೆ ಇಬ್ಭಾಗವಾದ ಗಾಳಿ ಹಿಂದುಗಡೆ ಒಟ್ಟಿಗೇ ಸೇರಬೇಕು. ಮೇಲಿನ ಪಾಲಿಗೆ ದಾರಿ ದೂರ, ಅದಕ್ಕೇ ಓಡುತ್ತದೆ. ಓಡುವ ಗಾಳಿಯ ಒತ್ತಡ ಕಡಿಮೆ, ರೆಕ್ಕೆ ಮೇಲಕ್ಕೆ. ಜಾತ್ರೆಯಲ್ಲಿ ತಪ್ಪಿಸಿಕೊಂಡ ಅಣ್ಣತಮ್ಮಂದಿರು ಕ್ಲೈಮ್ಯಾಕ್ಸಿನಲ್ಲಿ ಕೂಡಿಕೊಳ್ಳುವ ಹಳೆಯ ಸಿನಿಮಾದ ಹಾಗಿದೆ ಇದು. ಗಾಳಿಗೆ ಅಂಥ ಭ್ರಾತೃವಾತ್ಸಲ್ಯವಿಲ್ಲ. ಗಾಳಿಸುರಂಗದಲ್ಲಿ ಹೊಗೆ ಬಿಟ್ಟು ನೋಡಿದರೆ ಮೇಲಿನ ಪಾಲು ಕೆಳಗಿನದಕ್ಕೆ ಕಾಯದೆ ಮೊದಲೇ ದಾಟಿರುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ಕಾಗದದ ರೆಕ್ಕೆಗೆ ಉಬ್ಬೇ ಇಲ್ಲ, ಮೇಲೂ ಕೆಳಗೂ ದಾರಿ ಒಂದೇ. ಪುಸ್ತಕದ ಲೆಕ್ಕಕ್ಕೆ ಅದು ಕಲ್ಲಿನ ಹಾಗೆ ಬೀಳಬೇಕು, ಅದು ಹಾರುತ್ತದೆ. ಒತ್ತಡದಲ್ಲಿ ವ್ಯತ್ಯಾಸ ಇರುವುದು ನಿಜ, ಆದರೆ ಅದು ದಾರಿಯ ಉದ್ದದಿಂದ ಬಂದದ್ದಲ್ಲ. ತುಸು ಓರೆಯಾಗಿ ಸಾಗುವ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಪಾಠ ನಡೆಯುತ್ತಿರುವಾಗಲೇ ಅದರ ಖಂಡನೆ ಹಿಂದಿನ ಬೆಂಚಿನಿಂದ ಹಾರಿ ಬಂದರೆ ನಾವು ಅದಕ್ಕೆ ಅಶಿಸ್ತು ಎನ್ನುತ್ತೇವೆ.

ಒಂದೊಂದು ಎಸೆತವೂ ಒಂದೊಂದು ಥರ, ಇದೆಂಥ ಪ್ರಯೋಗ ಎಂದು ಕೇಳುವವರಿದ್ದಾರೆ. ಹತ್ತು ಸಲ ಎಸೆದು ಸರಾಸರಿ ತೆಗೆಯಬೇಕು ಎಂಬುದು ಹುಡುಗರಿಗೆ ಹೊಳೆಯುವುದೇ ಇದರಿಂದ. ಲೋಲಕದಲ್ಲಿ ಅದು ಕೇವಲ ಕೋಷ್ಟಕದ ಕಾಲಂ. ದುಬಾರಿ ಉಪಕರಣವೇನೂ ಬೇಡ. 80 ಜಿಎಸ್‌ಎಂನ ಒಂದು ಎ4 ಹಾಳೆ ಸಾಕು, ಅದರ ತೂಕ 5 ಗ್ರಾಂ. ಮಡಿಸಿ ಎಸೆದದ್ದು ಮೂಗಡಿಯಾಗಿ ಬಿದ್ದರೆ ರೆಕ್ಕೆಯ ಹಿಂದಂಚನ್ನು ಉಗುರಿನಲ್ಲಿ ಒಂದಿಷ್ಟೇ ಮೇಲಕ್ಕೆ ಬಾಗಿಸಿ. ಈಗ ಅದು ಏರುತ್ತದೆ, ನಡುದಾರಿಯಲ್ಲಿ ಏನೋ ಮರೆತವರಂತೆ ನಿಲ್ಲುತ್ತದೆ, ಧೊಪ್ಪನೆ ಬೀಳುತ್ತದೆ. ಬಾಗಿಸಿದ್ದು ಹೆಚ್ಚಾಯಿತು. ಮೂಗಿಗೊಂದು ಜೆಮ್ ಕ್ಲಿಪ್ ಸಿಕ್ಕಿಸಿದರೆ ಮತ್ತೆ ಬೇರೆ ಕಥೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ, ಕ್ಲಿಪ್ಪಿನ ಬದಲು ತಾಮ್ರದ ತೆಳು ಪಟ್ಟಿ ಹಚ್ಚಿ. ಭಾರ ನಟ್ಟನಡುವೆ ಇದ್ದರೆ ಹಾಳೆ ಪಲ್ಟಿ ಹೊಡೆಯುತ್ತದೆ, ತೀರ ಮುಂದಿದ್ದರೆ ನೆಲಕ್ಕೆ ನುಗ್ಗುತ್ತದೆ, ಅವೆರಡರ ಮಧ್ಯೆ ಎಲ್ಲೋ ಇದ್ದರೆ ನಯವಾಗಿ ತೇಲುತ್ತದೆ. ಅವರಿಗೆ ಪ್ರಬಂಧ ಪ್ರಕಟವಾಯಿತು, ನಮ್ಮ ಹುಡುಗನಿಗೆ ಬೆಂಚಿನ ಮೇಲೆ ನಿಲ್ಲುವ ಶಿಕ್ಷೆ.

ತೋಳಿನ ಬಲ ಇದ್ದವನೇ ಗೆಲ್ಲುತ್ತಾನಲ್ಲ ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. 2012ರಲ್ಲಿ ಜಾನ್ ಕಾಲಿನ್ಸ್ ಮಡಿಸಿದ ವಿಮಾನ 69.14 ಮೀಟರ್ ಹೋಗಿ ವಿಶ್ವದಾಖಲೆ ಆಯಿತು, ಆದರೆ ಎಸೆದದ್ದು ಅವರಲ್ಲ, ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದ ಜೋ ಅಯೂಬ್. ದಾರಿ ಅಲ್ಲೇ ಇದೆ: ಮಡಿಸುವವರು ಮಡಿಸಲಿ, ಎಲ್ಲರದನ್ನೂ ಒಬ್ಬನೇ ಎಸೆಯಲಿ. ಬದಲಾಗುವುದು ಒಂದೇ ಇರಬೇಕು ಎಂಬ ನಿಯಮವನ್ನು ಇಷ್ಟು ಅಗ್ಗವಾಗಿ ಕಲಿಸುವ ಇನ್ನೊಂದು ಉಪಾಯ ನನಗೆ ಕಾಣದು. ಕಾಗದ ದಂಡ ಎನ್ನುವವರಿಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ತೋರಿಸಬಹುದು. ಅವುಗಳಿಗೂ ಒಂದು ಸದ್ಗತಿ.

ಇದೆಲ್ಲ ಮಕ್ಕಳಾಟ, ನಿಜವಾದ ವಿಮಾನವೇ ಬೇರೆ ಅಂತೀರಾ? 1903ರ ಡಿಸೆಂಬರ್ 17ರಂದು ರೈಟ್ ಸೋದರರ ವಿಮಾನ ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ, ಅಂದರೆ ಸುಮಾರು 37 ಮೀಟರ್. ಜಪಾನಿನ ತಾಕುವೊ ತೋಡಾ ಎಸೆದ ಕಾಗದ 29.2 ಸೆಕೆಂಡು ಗಾಳಿಯಲ್ಲಿತ್ತು. 2022ರ ಡಿಸೆಂಬರಿನಲ್ಲಿ ಅಮೆರಿಕದ ಇಂಡಿಯಾನಾದಲ್ಲಿ ಇನ್ನೊಂದು ಕಾಗದ 88.318 ಮೀಟರ್ ಹೋಯಿತು. ಮಡಿಸಿದ ತಂಡದಲ್ಲಿ ಬೋಯಿಂಗ್ ಎಂಜಿನಿಯರುಗಳಿದ್ದರು. ರೈಟರ ವಿಮಾನದಲ್ಲಿ ಒಬ್ಬ ಮನುಷ್ಯ ಮಲಗಿದ್ದ ಎಂಬ ರಿಯಾಯಿತಿಯನ್ನು ಕೊಡೋಣ.

ಮೇಷ್ಟ್ರೇ, ಮುಂದಿನ ಸಲ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಬೆನ್ನಿಗೆ ಏನಾದರೂ ಬಡಿದರೆ ಬೈಯಿರಿ, ಬೇಡ ಅನ್ನುವುದಿಲ್ಲ. ಅದಕ್ಕೆ ಮುಂಚೆ ಹಿಂದಿನ ಬೆಂಚಿನಿಂದ ಬೋರ್ಡಿನವರೆಗೆ ಒಮ್ಮೆ ಟೇಪು ಹಿಡಿಸಿ.