ಮೊದಲು ಅಕ್ಷತೆ, ಆಮೇಲೆ ಸಾವಧಾನ

ಭಟ್ಟರು ‘ಸಾವಧಾನ’ ಅಂದ ಮೇಲೆ ಅಕ್ಷತೆ ಬೀಳುವುದು ನಮ್ಮ ಚಿಕ್ಕೋಡಿ ಕಡೆಯ ಪದ್ಧತಿ. ಅತ್ತೆಯ ಲಗ್ನದ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದರೆ ಮೊದಲು ಅಕ್ಷತೆ ಬಿತ್ತು, ಮಾಲೆ ಬದಲಾದವು, ಭಟ್ಟರು ಬೆವರು ಒರೆಸಿಕೊಂಡರು, ಆಮೇಲೆ ಎಲ್ಲಿಂದಲೋ ‘ಸಾವಧಾನ’ ಕೇಳಿಸಿತು. “ಎಲ್ಲಾ ಮುಗದ ಮ್ಯಾಲ ಹೇಳಿದ್ರ ಏನ್ ಉಪಯೋಗ?” ಎಂದು ಮಾವ ಕೇಳಿದರು. ಪ್ರಶ್ನೆ ಕ್ಯಾಸೆಟ್ಟಿನ ಬಗ್ಗೆಯೇ ಇತ್ತೆಂದು ನಾನು ನಂಬಿದ್ದೇನೆ, ಅತ್ತೆ ನಂಬಲಿಲ್ಲ.

ಸುದ್ದಿ ಹಬ್ಬಿ ಸುತ್ತಲಿನ ನೆಂಟರ ಕ್ಯಾಸೆಟ್ಟುಗಳೆಲ್ಲ ನಮ್ಮ ಮನೆಗೆ ಬಂದವು. ನಿಪ್ಪಾಣಿಯದಕ್ಕೆ ತಂಬಾಕಿನ ವಖಾರಿಯ ಘಾಟು. ರಾಯಬಾಗದ್ದರ ಡಬ್ಬಿಯೊಳಗೆ ಚಿಂಚಲಿ ಮಾಯಕ್ಕನ ಭಂಡಾರ. ಕಾಗವಾಡದ್ದು 2019ರ ಕೃಷ್ಣೆಯ ಮಹಾಪೂರ ಕಂಡದ್ದು, ರೀಲಿನ ಅಂಚಿಗೆಲ್ಲ ಬಿಳಿ ಬೂಷ್ಟು. ಅಥಣಿಯವರು ಮಾತ್ರ ಚಪ್ಪಲಿ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದರು, ಒಳಗೆ ಚಪ್ಪಲಿಯೂ ಇತ್ತು.

ರೀಲಿನಲ್ಲಿ ಚಿತ್ರಕ್ಕೂ ಧ್ವನಿಗೂ ಜಗಳವಿಲ್ಲ. ಚಿತ್ರ ಓದುವ ಹೆಡ್ ಗರಗರ ತಿರುಗುತ್ತದೆ, ಧ್ವನಿ ಓದುವುದು ಕೂತಲ್ಲೇ ಕೂತಿರುತ್ತದೆ. ಆದರೂ ಸಂಸಾರ ನಡೆಯುತ್ತದೆ. ಬೇರೆಯಾಗುವುದು ಕಂಪ್ಯೂಟರಿಗೆ ಬಂದ ಮೇಲೆ. ನಮ್ಮ ದೇಶದ ವಿಎಚ್ಎಸ್‌ನಲ್ಲಿ ಸೆಕೆಂಡಿಗೆ 25 ಫ್ರೇಮು. ಬೂಷ್ಟು ಹಿಡಿದ ಕಡೆ, ಸುಕ್ಕುಬಿದ್ದ ಕಡೆ ಕಂಪ್ಯೂಟರು ಫ್ರೇಮನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ಧ್ವನಿಯನ್ನು ಮಾತ್ರ ಪೂರ್ತಿ ಬರೆದುಕೊಳ್ಳುತ್ತದೆ. ಮೂರು ತಾಸಿನ ಕ್ಯಾಸೆಟ್ಟಿನಲ್ಲಿ 2,70,000 ಫ್ರೇಮು. ನೂರಕ್ಕೊಂದು ಹೋದರೂ ಕೊನೆಗೆ ಧ್ವನಿ 108 ಸೆಕೆಂಡು ಹಿಂದೆ. ಅಷ್ಟರಲ್ಲಿ ನಮ್ಮೂರ ಪಂಗತಿಯಲ್ಲಿ ಒಂದು ಹೋಳಿಗೆ ಮುಗಿದು ಇನ್ನೊಂದು ಎಲೆಗೆ ಬಿದ್ದಿರುತ್ತದೆ.

ಇನ್ನೊಂದು ಕಾರಣವೂ ಉಂಟು. ಸೆಕೆಂಡಿಗೆ 48,000 ಮಾದರಿಯಂತೆ (ಸ್ಯಾಂಪಲ್) ಹಿಡಿದ ಧ್ವನಿಯನ್ನು 44,100 ಎಂದು ತಿಳಿದು ನುಡಿಸಿದರೆ ಮೂರು ತಾಸಿನದು ಮೂರು ತಾಸು ಹದಿನಾರು ನಿಮಿಷವಾಗುತ್ತದೆ. ಬೀಗಿತ್ತಿಯರು ಗಂಡುದನಿಯಲ್ಲಿ ಹಾಡತೊಡಗಿದರೆ ರೋಗ ಇದೇ.

ಮದ್ದು ರೋಗದ ಮೇಲೆ. ಧ್ವನಿ ಮೊದಲಿಂದ ಕೊನೆವರೆಗೆ ಒಂದೇ ಸಮ ಹಿಂದಿದ್ದರೆ ಜಗ್ಗಿ ಕೂಡಿಸಿದರಾಯಿತು. ಸಾವಕಾಶ ಹಿಂದೆ ಬೀಳುತ್ತಿದ್ದರೆ ಎರಡೂ ತುದಿಯ ಅಂತರ ಅಳೆದು ಧ್ವನಿಯನ್ನು ಅಷ್ಟು ಕುಗ್ಗಿಸಬೇಕು. ನಡುನಡುವೆ ಜಿಗಿಯುತ್ತಿದ್ದರೆ ಜಿಗಿದಲ್ಲೆಲ್ಲ ಕತ್ತರಿ. ಇಲ್ಲವೇ ಟೈಮ್ ಬೇಸ್ ಕರೆಕ್ಟರ್ ಎಂಬ ಯಂತ್ರವನ್ನು ವಿಸಿಆರ್‌ಗೂ ಕಂಪ್ಯೂಟರಿಗೂ ನಡುವೆ ಇಟ್ಟು ಮೊದಲಿಂದ ಇಳಿಸಬೇಕು. ಅದರ ಬೆಲೆಗೆ ಒಂದು ಸಣ್ಣ ಲಗ್ನವೇ ಆದೀತು.

ಹೊಂದಿಸಲು ಗುರುತೊಂದು ಬೇಕಲ್ಲ? ಸಿನಿಮಾದವರಿಗೆ ಕ್ಲಾಪ್ ಬೋರ್ಡು ಇದೆ, ಲಗ್ನದಲ್ಲಿ ಅದೆಲ್ಲಿ? ತುಟಿ ನೋಡೋಣವೆಂದರೆ ನಿಪ್ಪಾಣಿಯ ಕಾಕಾ ಕನ್ನಡದಲ್ಲಿ ಶುರುಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಾರೆ, ಅದೂ ಬಾಯಿತುಂಬ ಎಲೆಯಡಿಕೆ ಇಟ್ಟುಕೊಂಡು. ಕಡೆಗೆ ಕೈಹಿಡಿದದ್ದು ಹಲಗಿ. ಕಡ್ಡಿ ಚರ್ಮಕ್ಕೆ ತಾಗಿದ ಫ್ರೇಮು, ‘ಕಣ್’ ಎಂದ ಸದ್ದಿನ ಮೊನೆ, ಎರಡನ್ನೂ ಕೂಡಿಸಿದರೆ ಅದಕ್ಕಿಂತ ಚೊಕ್ಕ ಅಳತೆ ಇಲ್ಲ. ಹಲಗಿಯವರಿಲ್ಲದ ಲಗ್ನವನ್ನು ಸರಿಪಡಿಸಲು ನಾನು ಒಪ್ಪುವುದಿಲ್ಲ.

ಆಗಿನ ವಿಡಿಯೋದವರ ಒಂದು ಉಪಕಾರ ನೆನೆಯಬೇಕು. ಅರ್ಧ ಕ್ಯಾಸೆಟ್ಟಿಗೆ ಮಂದಿಯ ಮಾತು ತೆಗೆದು ಹಿಂದಿ ಸಿನಿಮಾ ಹಾಡು ಹಚ್ಚಿ, ಮದುಮಕ್ಕಳನ್ನು ಹೃದಯದ ಆಕಾರದೊಳಗೆ ಕೂರಿಸಿಬಿಡುತ್ತಿದ್ದರು. ಆ ಭಾಗದಲ್ಲಿ ಯಾವುದಕ್ಕೆ ಯಾವುದೂ ಕೂಡುವ ಹಂಗಿಲ್ಲ, ನನಗೂ ಕೆಲಸವಿಲ್ಲ.

ಎಲ್ಲ ಸರಿಯಾದ ಮೇಲೆ ಮತ್ತೆ ಹಚ್ಚಿ ತೋರಿಸಿದೆ. ಹಲಗಿ ಬಡಿದಲ್ಲೇ ಸದ್ದು, ‘ಸಾವಧಾನ’ದ ಬೆನ್ನಿಗೇ ಅಕ್ಷತೆ. ಅತ್ತೆ ನೋಡಿದರು. “ಇದರಾಗ ನೀ ಮಾಡಿದ್ದರ ಏನ? ಲಗ್ನಾ ಹಿಂಗ ಆಗಿತ್ತಲ್ಲ.”

ಜಪಾನಿನ ಫುನಾಯ್ ಕಂಪನಿಯೂ ವಿಸಿಆರ್ ತಯಾರಿಸುವುದನ್ನು 2016ರ ಜುಲೈನಲ್ಲಿ ನಿಲ್ಲಿಸಿದೆ. ಅದಕ್ಕೇ ಕೇಳುತ್ತಿದ್ದೇನೆ: ನಿಮ್ಮ ಅಟ್ಟದ ಮೇಲೆ ಹಳೆಯ ವಿಸಿಆರ್ ಇದ್ದರೆ, ಕೆಟ್ಟದ್ದಾದರೂ ಚಿಂತೆಯಿಲ್ಲ, ಗುಜರಿಗೆ ಹಾಕಬೇಡಿ. ಕ್ಯಾಸೆಟ್ಟನ್ನು ಮಳೆಗಾಲಕ್ಕೆ ಮೊದಲೇ ಇಳಿಸಿಕೊಳ್ಳಿ. ಅಥಣಿಯವರು ಬಂದು ಚಪ್ಪಲಿ ಒಯ್ಯಬೇಕು.